ತಿಮ್ಮೇಶಿಯ ಬೆಟ್ಟ

ನಮ್ಮ ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ಒಂದು ಜೊತೆ ಬೂಟು ಇದೆ. ಬೆಟ್ಟ ಹತ್ತುವವರು ಹಾಕಿಕೊಳ್ಳುವ ಬೂಟು. ಮನೆಯಲ್ಲಿ ಯಾರ ಕಾಲಿಗೂ ಆಗುವುದಿಲ್ಲ. ಮಕ್ಕಳ ಅಳತೆಯದು, ಹಿಮ್ಮಡಿಯ ಮೇಲೆ ಗುಲಾಬಿ ಬಣ್ಣದ ಚಿಟ್ಟೆ ಬೇರೆ. ಅದನ್ನು ಹಾಕಿಕೊಂಡವಳಿಗೆ ಆಗ ಎಪ್ಪತ್ತೊಂದು ವರ್ಷ.

ಹೋದ ತಿಂಗಳು ಮಗಳು ಇಂಚರ ಗರಾಜು ಗುಡಿಸುತ್ತಾ ಅದನ್ನು ಎತ್ತಿ ಹಿಡಿದು, ಆಪ್ ಶಾಪಿಗೆ ಕೊಟ್ಟುಬಿಡಲಾ ಎಂದು ಕೇಳಿದಳು. ಆಪ್ ಶಾಪ್ ಅಂದರೆ ಇಲ್ಲಿ ಜನ ತಮಗೆ ಬೇಡವಾದ ಬಟ್ಟೆ, ಪಾತ್ರೆ, ಕುರ್ಚಿಗಳನ್ನು ಕೊಟ್ಟು, ಬರುವಾಗ ಇನ್ನೊಬ್ಬರಿಗೆ ಬೇಡವಾದದ್ದನ್ನು ಕೊಂಡು ತರುವ ಅಂಗಡಿ. ಕೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ನಾನು ಬೇಡ ಎಂದೆ. ಯಾಕೆ ಎಂದಳು. ಅದನ್ನು ಹೇಳಲು ಹೊರಟರೆ ಚಳ್ಳಕೆರೆಯಿಂದ ಶುರುಮಾಡಬೇಕು, ಅಷ್ಟು ಹೊತ್ತು ಹದಿನಾರರ ಹುಡುಗಿಯನ್ನು ಗರಾಜಿನಲ್ಲಿ ನಿಲ್ಲಿಸಿಕೊಳ್ಳುವುದು ಕಷ್ಟ. ನೀವಾದರೆ ಕೂತಿದ್ದೀರಿ, ನಿಮಗೆ ಹೇಳಬಹುದು.

ಬೂಟು ನನ್ನ ಚಿಕ್ಕಮ್ಮ ವಿಶಾಲಾಕ್ಷಿಯದು. ಚಳ್ಳಕೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆಗಿದ್ದಳು. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದರಿಂದ ಐದನೇ ಕ್ಲಾಸಿನಿಂದ ಪಿಯುಸಿವರೆಗೆ ನನ್ನನ್ನು ಅವಳ ಮನೆಯಲ್ಲಿ ಬಿಟ್ಟಿದ್ದರು. ಅವಳು ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರು, ಒಂದು ಮರ್ಫಿ ರೇಡಿಯೋ, ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಬಾಟಲಿಗಳು. ಎಡಗಡೆಯವು ಉಪ್ಪಿನಕಾಯಿ, ಬಲಗಡೆಯವು ಕಾಲೇಜಿಗೆ ಸೇರಿದ ಸಸ್ಯಗಳ ಮಾದರಿ. ಒಮ್ಮೆ ಊಟಕ್ಕೆ ಬಂದಿದ್ದ ಗಣಿತದ ಮೇಷ್ಟರೊಬ್ಬರು ತಾವೇ ಎದ್ದುಹೋಗಿ ಬಲಗಡೆಯ ಬಾಟಲಿಯ ಮುಚ್ಚಳ ತೆಗೆದರು. ಆಮೇಲೆ ಅವರು ನಮ್ಮ ಮನೆಯಲ್ಲಿ ಕಾಫಿ ಕುಡಿಯುವಾಗಲೂ ಲೋಟವನ್ನೊಮ್ಮೆ ಮೂಸಿ ನೋಡುತ್ತಿದ್ದರು.

ಚಿಕ್ಕಮ್ಮ ಪಾಠ ಹೇಳುತ್ತಿದ್ದದ್ದು ಹೂವಿಲ್ಲದ ಗಿಡಗಳದ್ದು. ಪಾಚಿ, ಜರಿಗಿಡ, ಇಂಥವು. ನೀರಿದ್ದರೆ ಮಾತ್ರ ಬದುಕುವ ಜಾತಿ. ಚಳ್ಳಕೆರೆಯ ಮಳೆಯನ್ನು ಬಲ್ಲವರಿಗೆ ಇದರ ತಮಾಷೆ ಗೊತ್ತಾಗುತ್ತದೆ. ಇಡೀ ಊರಿನಲ್ಲಿ ಪಾಚಿ ಇದ್ದದ್ದು ಒಂದೇ ಕಡೆ, ಕಾಲೇಜಿನ ಹಿಂದೆ ಸೋರುತ್ತಿದ್ದ ಸಿಮೆಂಟಿನ ನೀರಿನ ತೊಟ್ಟಿಯ ಗೋಡೆಯ ಮೇಲೆ. ಪ್ರತಿವರ್ಷ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈ ಅಗಲದ ಹಸಿರನ್ನು ತೋರಿಸುತ್ತಿದ್ದಳು. ಒಂದು ವರ್ಷ ಪ್ರಿನ್ಸಿಪಾಲರು ತೊಟ್ಟಿ ರಿಪೇರಿಗೆ ಗಾರೆಯವನನ್ನು ಕರೆಸಿದಾಗ, ಸೋರಿಕೆ ನಿಲ್ಲಿಸಬಾರದೆಂದು ಅರ್ಜಿ ಬರೆದುಕೊಟ್ಟಳು. ವಿಶಾಲಾಕ್ಷಿ ಮೇಡಂ ತೊಟ್ಟಿಯ ಅರ್ಜಿ ಎಂದು ಅದು ಊರಲ್ಲೆಲ್ಲ ಪ್ರಸಿದ್ಧವಾಯಿತು. ತೊಟ್ಟಿ ಮಾತ್ರ ಸೋರುತ್ತಲೇ ಉಳಿಯಿತು.

ಅವಳ ಪಾಠದಲ್ಲಿ ಒಂದು ಗಿಡ ಬರುತ್ತಿತ್ತು. ಹೆಸರು ಟ್ಮೆಸಿಪ್ಟೆರಿಸ್. ಚಳ್ಳಕೆರೆಯ ಹುಡುಗರ ನಾಲಿಗೆಗೆ ಇದು ಒಗ್ಗದೆ, ಯಾವುದೋ ಬ್ಯಾಚಿನವರು ತಿಮ್ಮೇಶಿ ಎಂದು ಕರೆದರು. ಅವರಲ್ಲಿ ಅರ್ಧ ಜನರ ಮನೆಯಲ್ಲಿ ಒಬ್ಬ ತಿಮ್ಮೇಶ ಇದ್ದೇ ಇದ್ದ. ಕೊನೆಗೆ ಚಿಕ್ಕಮ್ಮನೂ ತಿಮ್ಮೇಶಿ ಅನ್ನತೊಡಗಿದಳು. ನಾನೂ ಹಾಗೇ ಅನ್ನುತ್ತೇನೆ. ತಿಮ್ಮೇಶಿಗೆ ಬೇರಿಲ್ಲ, ಹೂವಿಲ್ಲ. ಜರಿಗಿಡವೇ ಮರದಷ್ಟು ಎತ್ತರ ಬೆಳೆದು ಮರಜರಿ ಎನಿಸಿಕೊಳ್ಳುವ ಕಡೆ, ಅದರ ಕಾಂಡದಿಂದ ಜೋತುಬಿದ್ದು ಬದುಕುತ್ತದೆ. ಎಲೆಯ ಕವಲಿನಲ್ಲಿ ಜೋಡಿ ಕಾಳಿನಂಥ ಒಂದು ಬೀಜಕಕೋಶ. ಬೀಜಕ ಅಂದರೆ ಇಂಥ ಗಿಡಗಳು ಬೀಜದ ಬದಲು ಗಾಳಿಗೆ ಬಿಡುವ ಧೂಳಿನಂಥ ಕಣ. ಭಾರತದಲ್ಲಿ ಇದು ಬೆಳೆಯುವುದಿಲ್ಲ. ಆದರೂ ಪರೀಕ್ಷೆಗೆ ಚಿತ್ರ ಬರೆಯಬೇಕಿತ್ತು. ಮೂವತ್ತನಾಲ್ಕು ವರ್ಷ ಚಿಕ್ಕಮ್ಮ ತಾನು ಒಮ್ಮೆಯೂ ಕಾಣದ ಆ ಗಿಡವನ್ನು ಸೀಮೆಸುಣ್ಣದಲ್ಲಿ ಬರೆದಳು, ಒರೆಸಿದಳು. ಗೋಡೆಗೆ ತೂಗುಹಾಕುವ ಚಾರ್ಟುಗಳನ್ನು ನನ್ನ ಕೈಲಿ ಬರೆಸುತ್ತಿದ್ದಳು. ನನ್ನ ತಿಮ್ಮೇಶಿಯ ಬೀಜಕಕೋಶ ಯಾವಾಗಲೂ ಅವರೆಕಾಳಿನ ಹಾಗೆ ಬರುತ್ತಿತ್ತು. ಸಾರು ಮಾಡಬಹುದು ಬಿಡು, ಎಂದು ಹೇಳಿ ಹಾಗೇ ತೂಗುಹಾಕುತ್ತಿದ್ದಳು.

ನಾನು ಸಸ್ಯಶಾಸ್ತ್ರ ಓದುತ್ತೇನೆಂದು ಅವಳು ನಂಬಿದ್ದಳು. ನಾನು ನರ್ಸಿಂಗ್ ಸೇರಿದೆ. ಅದಕ್ಕೆ ಏನೂ ಅನ್ನಲಿಲ್ಲ. ಮದುವೆಯಾಗಿ ಆಕ್ಲೆಂಡಿಗೆ ಹೊರಟಾಗ ಮಾತ್ರ ಅವಳ ಮುಖ ಅರಳಿತು. ನ್ಯೂಜಿಲೆಂಡಾ, ತಿಮ್ಮೇಶಿ ಇರೋದು ಅಲ್ಲೇ, ಎಂದಳು. ಎಲ್ಲರೂ ಅಳಿಯನಿಗೆ ಏನು ಕೆಲಸ, ಚಳಿ ಎಷ್ಟು ಎಂದು ಕೇಳುತ್ತಿದ್ದಾಗ ಇವಳೊಬ್ಬಳು ಒಂದು ಬೆಟ್ಟದ ಹೆಸರು ಕೇಳಿದಳು. ಪಿರೋಂಗಿಯಾ. ಯಾವ ಕಾಲದಲ್ಲೋ ಆರಿಹೋದ ಜ್ವಾಲಾಮುಖಿ, ತಲೆಯ ಮೇಲೆ ಮೋಡದ ಕಾಡು, ಅಲ್ಲಿ ತಿಮ್ಮೇಶಿ ಇದೆ ಎಂದು ಎಲ್ಲೋ ಓದಿದ್ದಳು. ಇಲ್ಲಿಗೆ ಬಂದ ಮೇಲೆ ನಕ್ಷೆ ನೋಡಿ, ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆ ಎಂದು ಫೋನಿನಲ್ಲಿ ಹೇಳಿದೆ.

"ಎರಡು ಗಂಟೆ ಅಂದ್ರೆ ಇಲ್ಲಿಂದ ದಾವಣಗೆರೆ," ಎಂದಳು. "ನೀನು ನೋಡ್ಕೊಂಡು ಬಂದು ಹೇಳು."

ಹದಿನೇಳು ವರ್ಷ ನಾನು ಆ ದಾವಣಗೆರೆಗೆ ಹೋಗಲಿಲ್ಲ. ಆಸ್ಪತ್ರೆಯ ಪಾಳಿ, ಇಂಚರಳ ಈಜಿನ ಕ್ಲಾಸು, ಮನೆ ಸಾಲ, ಶನಿವಾರದ ಬಟ್ಟೆ ಒಗೆತ. ಕೇಳಿದಾಗಲೆಲ್ಲ, ನೀನೇ ಬಾ, ಒಟ್ಟಿಗೇ ಹೋಗೋಣ ಎನ್ನುತ್ತಿದ್ದೆ. ಹಾಗೆ ಹೇಳುವುದು ಸುಲಭವಾಗಿತ್ತು. ಅವಳು ಬರುತ್ತಾಳೆಂದು ನಾನೇನೂ ಅಂದುಕೊಂಡಿರಲಿಲ್ಲ.

ಅವಳು ಬಂದೇಬಿಟ್ಟಳು. ಮೂರು ತಿಂಗಳಿಗೆಂದು, ಒಂದು ಫೆಬ್ರವರಿಯಲ್ಲಿ, ಇಲ್ಲಿಯ ಬೇಸಿಗೆಯ ಕೊನೆಗೆ. ಉಪ್ಪಿನಕಾಯಿ ತರಬೇಡ, ಚಟ್ನಿಪುಡಿ ತಂದರೆ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆದು ತೋರಿಸು ಎಂದು ಹತ್ತು ಸಲ ಹೇಳಿದ್ದೆ. ತಿನ್ನುವುದೊಂದನ್ನೂ ತಂದಿರಲಿಲ್ಲ. ರಟ್ಟಿನ ಹಾಳೆಗೆ ಅಂಟಿಸಿದ ಒಂದು ಒಣಗಿದ ಗಿಡ ತಂದಿದ್ದಳು. ತಿಮ್ಮೇಶಿಯ ದೂರದ ನೆಂಟ, ನಮ್ಮ ಘಟ್ಟದ ಕಡೆ ಸಿಗುವಂಥದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆ. ವಿಮಾನ ನಿಲ್ದಾಣದ ಅಧಿಕಾರಿಗೆ ತಾನಾಗಿಯೇ ತೋರಿಸಿದಳಂತೆ. ಗಿಡಮರದ ವಿಷಯದಲ್ಲಿ ಈ ದೇಶದವರು ಬಹಳ ಬಿಗಿ. ಇಪ್ಪತ್ತು ನಿಮಿಷ ಅವನಿಗೆ ಬೀಜಕ ಎಂದರೇನು ಎಂದು ವಿವರಿಸಿ, ಗಿಡವನ್ನು ಅವನ ಕೈಗೇ ಕೊಟ್ಟು ಹೊರಗೆ ಬಂದಳು. ನನಗೆ ಕೋಪ ಬಂತು. ಅವಳಿಗೆ ಬರಲಿಲ್ಲ. ಅವನು ಮಾಡಿದ್ದು ಸರಿ, ಬೀಜಕ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ ಎಂದಳು.

ಈಗ ಆ ಮೂರು ತಿಂಗಳ ಲೆಕ್ಕ ಒಪ್ಪಿಸಬೇಕು, ಅದು ನನಗೆ ಕಷ್ಟ. ಮೊದಲ ವಾರ ಅವಳ ಸುಸ್ತು ಎಂದೆ. ಎರಡನೆಯ ವಾರ ಗೆಳತಿಯ ಗೃಹಪ್ರವೇಶ. ಆಮೇಲೆ ಜೊತೆಯ ನರ್ಸೊಬ್ಬಳು ರಜೆ ಹಾಕಿದ್ದರಿಂದ ನನಗೆ ಎರಡೆರಡು ಪಾಳಿ. ಆಮೇಲೆ ಯುಗಾದಿ ಕಾರ್ಯಕ್ರಮ, ಅದರಲ್ಲಿ ನಾನು ಪುಳಿಯೋಗರೆ ತಂಡದ ಮುಖ್ಯಸ್ಥೆ. ಬಿಡುವಾದಾಗ ಅವಳನ್ನು ನನಗೆ ಹತ್ತಿರವಾದ ಕಡೆ ಕರೆದೊಯ್ದೆ. ಮಾಲಿಗೆ, ಸಮುದ್ರಕ್ಕೆ, ಕುರಿಯ ಉಣ್ಣೆ ಕತ್ತರಿಸುವ ಪ್ರದರ್ಶನಕ್ಕೆ. ಮಾಲಿನಲ್ಲಿ ಅವಳು ಒಂದು ಪ್ಲಾಸ್ಟಿಕ್ ಜರಿಗಿಡದ ಎಲೆ ಮಗುಚಿ ನೋಡಿ, ಹಿಂದುಗಡೆ ಬೀಜಕದ ಚುಕ್ಕೆ ಹಾಕೋದು ಮರೆತಿದ್ದಾರೆ ಎಂದಳು. ಆಕ್ಲೆಂಡಿನ ಎತ್ತರದ ಗೋಪುರ ಹತ್ತಿಸಿದಾಗ, ಆ ಬೆಟ್ಟ ಯಾವ ದಿಕ್ಕಿಗೆ ಬರುತ್ತದೆ ಎಂದು ಕೇಳಿದಳು. ಎಲ್ಲೋ ಒಂದು ಕಡೆ ಕೈ ತೋರಿಸಿದೆ. ಮುಂದಿನ ವಾರ ಖಂಡಿತ ಎಂದೆ. ಆಗಲಿ ಎಂದಳು. ಅವಳು ಯಾವಾಗಲೂ ಆಗಲಿ ಎನ್ನುತ್ತಿದ್ದಳು. ಒಮ್ಮೆಯಾದರೂ ರೇಗಿದ್ದರೆ ನಾನು ಅದೇ ದಿನ ಹೊರಡುತ್ತಿದ್ದೆನೇನೋ. ನೋಡಿ, ಇಲ್ಲೂ ತಪ್ಪನ್ನು ಅವಳ ಕಡೆಗೇ ಸರಿಸುತ್ತಿದ್ದೇನೆ.

ನಾವಿಬ್ಬರೂ, ಆಗ ಹನ್ನೆರಡರ ಇಂಚರಳೂ ಹೊರಟದ್ದು ಅವಳ ವಿಮಾನಕ್ಕೆ ಆರು ದಿನ ಇರುವಾಗ. ಬೂಟು ಹಿಂದಿನ ದಿನ ಕೊಂಡದ್ದು. ಅವಳ ಪಾದ ಎಷ್ಟು ಸಣ್ಣದೆಂದರೆ ದೊಡ್ಡವರ ವಿಭಾಗದಲ್ಲಿ ಅಳತೆ ಸಿಗಲಿಲ್ಲ. ಚಿಟ್ಟೆ ನೋಡಿ ನಾನು ಹಿಂಜರಿದೆ. ಅವಳು ಖುಷಿಯಿಂದ ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದಳು.

ಹೆದ್ದಾರಿ ಬಿಟ್ಟು ಹಸುಗಳ ಬಯಲಿಗೆ ಇಳಿದಾಗ ಬೆಟ್ಟ ಕಂಡಿತು. ನಾನು ಜ್ವಾಲಾಮುಖಿ ಎಂದರೆ ನೆತ್ತಿಯಲ್ಲಿ ಒಂದು ಗುಂಡಿ ಇರಬೇಕು ಅಂದುಕೊಂಡಿದ್ದೆ. ಇದು ಮಲಗಿದ ಎಮ್ಮೆಯ ಹಾಗೆ ಅಗಲವಾಗಿತ್ತು, ಸೊಂಟದಿಂದ ಮೇಲೆ ಎಲ್ಲ ಮೋಡ. ಚಿಕ್ಕಮ್ಮ ಕಾರು ನಿಲ್ಲಿಸಲು ಹೇಳಿ ಇಳಿದು ನಿಂತಳು. ಆ ಮೋಡದೊಳಗೆ ಮಳೆಯೇ ಬೇಕಾಗಿಲ್ಲ, ಪಾಚಿ ಗಾಳಿಯಿಂದಲೇ ನೀರು ಹಿಡಿದುಕೊಳ್ಳುತ್ತದೆ ಎಂದು ಇಂಚರಳಿಗೆ ಹೇಳಿದಳು. ನಮ್ಮ ತೊಟ್ಟಿಯ ಗೋಡೆಯ ಪಾಚಿ ಇದನ್ನು ಕಂಡರೆ ಏನು ಅಂದುಕೊಳ್ಳುತ್ತಿತ್ತೋ ಎಂದು ನಕ್ಕಳು.

ದಾರಿ ಮೊದಲು ಮೆತ್ತಗಿತ್ತು, ಆಮೇಲೆ ಬೇರುಗಳ ಮೆಟ್ಟಿಲು, ನಡುನಡುವೆ ಮೊಣಕಾಲು ಹೂಳುವ ಕೆಸರು. ನಲವತ್ತು ನಿಮಿಷವಾಗಿರಬೇಕು. ಚಿಕ್ಕಮ್ಮ ಮಾತು ನಿಲ್ಲಿಸಿದ್ದನ್ನು ಗಮನಿಸಿದೆ. ತಿರುಗಿ ನೋಡಿದರೆ ತುಟಿ ಬಣ್ಣಗೆಟ್ಟಿತ್ತು. ಬಿದ್ದ ಮರದ ಮೇಲೆ ಕೂರಿಸಿ ನಾಡಿ ಹಿಡಿದೆ. ಅದು ಓಡುತ್ತಿತ್ತು, ನಡುವೆ ಎಡವುತ್ತಿತ್ತು. ಇಪ್ಪತ್ತು ವರ್ಷ ಎಷ್ಟೋ ಜನರ ಮಣಿಕಟ್ಟು ಹಿಡಿದ ಬೆರಳಿಗೆ ಅದೇನೆಂದು ಗೊತ್ತಾಗದೆ ಇರುತ್ತದೆಯೇ.

"ಇನ್ನು ಹತ್ತು ನಿಮಿಷ ಕೂತ್ರೆ ಸರಿಹೋಗತ್ತೆ ಕಣೇ ಶೈಲಾ," ಎಂದಳು.

"ಹೋಗಲ್ಲ ಚಿಕ್ಕಮ್ಮ. ಇಳಿಯೋಣ."

"ಹಾಗಾದ್ರೆ ನೀನು ಹೋಗಿ ನೋಡ್ಕೊಂಡು ಬಾ. ನಾನೂ ಮಗೂನೂ ಇಲ್ಲೇ ಕೂತಿರ್ತೀವಿ."

"ನಂಗೇನು ಗೊತ್ತಾಗತ್ತೆ? ಕಂಡ್ರೂ ಗುರುತು ಹಿಡಿಯಲ್ಲ ನಾನು."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನೂರು ಸಲ ಆ ಗಿಡದ ಚಿತ್ರ ಬರೆದ ಹುಡುಗಿ ಹೀಗೆ ಹೇಳುತ್ತಿದ್ದಳು. ಅದೂ ನಿಜ ಎಂದು ಹೇಳಿ, ನನ್ನ ಭುಜ ಹಿಡಿದು ಎದ್ದಳು. ಇಳಿಯುವಾಗ ಇಂಚರಳ ಕೈ ಹಿಡಿದುಕೊಂಡಿದ್ದಳು. ಎದುರು ಬಂದವರೆಲ್ಲ ಅವಳ ಚಿಟ್ಟೆ ಬೂಟು ನೋಡಿ ನಕ್ಕು ಹಲೋ ಎಂದರು. ಎಲ್ಲರಿಗೂ ಅವಳು ಹಲೋ ಎಂದಳು.

ಹೃದಯದ ಪರೀಕ್ಷೆ ಇಲ್ಲೇ ಮಾಡಿಸೋಣ ಎಂದರೆ ಒಪ್ಪಲಿಲ್ಲ, ಊರಿನಲ್ಲಿ ತೋರಿಸುತ್ತೇನೆ ಎಂದಳು. ತೋರಿಸಿದಳು ಕೂಡ. ಮಾತ್ರೆ ಕೊಟ್ಟಿದ್ದರು. ವಾಪಸು ಹೋಗಿ ಐದನೆಯ ತಿಂಗಳಲ್ಲಿ, ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದವಳು ಅಲ್ಲೇ ಕುಸಿದಳಂತೆ. ನನಗೆ ಫೋನ್ ಮಾಡಿದ್ದು ರೇಣುಕಾ. ಚಿಕ್ಕಮ್ಮನ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತಾಳೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯ ಅಟ್ಟದ ಮೇಲಿನ ಬಲಗಡೆಯ ಬಾಟಲಿಗಳನ್ನು ರೇಣುಕಾ ಕಾಲೇಜಿಗೆ ಒಯ್ದಳು. ಎಡಗಡೆಯವನ್ನು ನಾನು ತೊಳೆದು ಪಕ್ಕದ ಮನೆಯವರಿಗೆ ಕೊಟ್ಟೆ.

ಇಷ್ಟನ್ನು ಇಂಚರಳಿಗೆ ಗರಾಜಿನಲ್ಲೇ ಹೇಳಿದೆ. ಕಷ್ಟ ಎಂದುಕೊಂಡಿದ್ದೆ, ಅವಳು ಪೊರಕೆ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಬೂಟನ್ನು ಇದ್ದಲ್ಲೇ ಇಟ್ಟಳು. ಬರುವ ಶನಿವಾರ ನಿನಗೆ ಪಾಳಿ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಹೋಗೋಣ ಎಂದಳು. ಎಷ್ಟು ಸುಲಭ. ಮೂರು ಮಾತು, ಒಂದು ಶನಿವಾರ.

ಹೋದೆವು. ಆ ಬಿದ್ದ ಮರ ಹಾಗೇ ಇತ್ತು. ಅಲ್ಲಿ ನಿಲ್ಲದೆ ಮುಂದೆ ನಡೆದೆ. ಇನ್ನೂ ಎರಡು ಗಂಟೆ ಹತ್ತಿದ ಮೇಲೆ ಮೋಡದೊಳಕ್ಕೆ ಹೋದೆವು. ಮರಗಳು ಕುಳ್ಳಾದವು, ವಕ್ರವಾದವು, ಕೊಂಬೆಯ ತುದಿಯವರೆಗೂ ಪಾಚಿಯ ಉಡುಪು ಹಾಕಿಕೊಂಡವು. ಮಳೆ ಇರಲಿಲ್ಲ, ಆದರೂ ಎಲ್ಲ ಕಡೆ ತೊಟ್ಟಿಕ್ಕುತ್ತಿತ್ತು. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನ ಈ ಮಂಜಿನೊಳಗೆ ಬಿಳಿಚಿದ ಮೈಯ ಕಿನ್ನರರು ಇದ್ದಾರೆಂದು ಹೇಳುತ್ತಾರೆ. ಅಲ್ಲಿ ನಿಂತಾಗ ಅದು ಸುಳ್ಳೆನಿಸಲಿಲ್ಲ. ಪಾಚಿಗೆ ಅಂಗೈ ಇಟ್ಟರೆ ಮಣಿಕಟ್ಟಿನವರೆಗೂ ಒಳಗೆ ಹೋಯಿತು. ಚಳ್ಳಕೆರೆಯ ತೊಟ್ಟಿಯ ಮುಂದೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದವಳು ಇಲ್ಲಿಗೆ ಬಂದಿದ್ದರೆ ಎಲ್ಲಿಂದ ಶುರುಮಾಡುತ್ತಿದ್ದಳು ಎಂದು ಯೋಚಿಸಿದೆ, ಮುಂದೆ ಯೋಚಿಸಲಾಗಲಿಲ್ಲ.

ತಿಮ್ಮೇಶಿ ಕಾಣಲಿಲ್ಲ. ಅಥವಾ ನಾನು ಹೇಳಿದ ಹಾಗೇ ಕಂಡರೂ ಗುರುತು ಸಿಗಲಿಲ್ಲ. ಕಾಡಿಗೆ ಇಲಿಗಳ ಕಾಟವಿದೆ, ಹಕ್ಕಿಗಳ ಮೊಟ್ಟೆ ತಿನ್ನುತ್ತವೆ. ಅವಕ್ಕೆ ಬೋನು ಇಡಲು ಊರಿನ ಜನ ಸರದಿಯ ಮೇಲೆ ಬರುತ್ತಾರೆ. ಅಂಥ ಒಬ್ಬ ಮುದುಕ, ಕಾಲಿನ್ ಎಂದು ಹೆಸರು, ಎದುರಾದ. ಚಿಕ್ಕಮ್ಮ ತನ್ನ ಪಾಠದ ಟಿಪ್ಪಣಿಯಲ್ಲಿ ಬರೆದಿದ್ದ ತಿಮ್ಮೇಶಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿ ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವನು ಚಿತ್ರವನ್ನು ಮೆಚ್ಚಿಕೊಂಡ. ಆಮೇಲೆ ಮೆಲ್ಲಗೆ, ನೀವು ಬರುವಾಗ ಇಂಥವನ್ನು ನೂರಾದರೂ ದಾಟಿ ಬಂದಿದ್ದೀರಿ ಎಂದ. ನಾಲ್ಕು ಹೆಜ್ಜೆ ಕೆಳಗೆ ಕರೆದುಕೊಂಡು ಹೋಗಿ ಒಂದು ಮರಜರಿಯ ಕಾಂಡ ತೋರಿಸಿದ.

ಇತ್ತು. ಒಂದು ಗೇಣು ಉದ್ದ, ತಲೆಕೆಳಗಾಗಿ ಜೋತುಬಿದ್ದಿತ್ತು. ಎಲೆಯ ಕವಲಿನಲ್ಲಿ ಜೋಡಿ ಕಾಳು. ಅವರೆಕಾಳಿನ ಹಾಗೆ ಇರಲಿಲ್ಲ. ಇಂಚರ ಫೋಟೋ ತೆಗೆದಳು.

ನೀವು ಇರುವುದು ಎಲ್ಲಿ ಎಂದು ಕಾಲಿನ್ ಕೇಳಿದ. ಆಕ್ಲೆಂಡಿನ ಪಶ್ಚಿಮದ ಬಡಾವಣೆಯ ಹೆಸರು ಹೇಳಿದೆ. ಅಯ್ಯೋ, ಅದಕ್ಕೆ ಇಷ್ಟು ದೂರ ಬರಬೇಕಿತ್ತೇ, ಹಳೆಯ ಮರಜರಿ ಇರುವ ಯಾವ ತೋಪಿನಲ್ಲೂ ಇದು ಇರುತ್ತದೆ, ನಿಮ್ಮ ಕಡೆಯ ಪಾರ್ಕುಗಳಲ್ಲಿ ನಾನೇ ನೋಡಿದ್ದೇನೆ ಎಂದ. ಒಳ್ಳೆಯ ಮನುಷ್ಯ, ನನಗೆ ಸಂತೋಷವಾಗಲೆಂದೇ ಹೇಳಿದ. ನಮ್ಮ ಬೀದಿಯ ಕೊನೆಯಲ್ಲಿ ಅಂಥದೊಂದು ತೋಪಿದೆ. ಸಪಾಟಾದ ದಾರಿ, ಕೂರಲು ಬೆಂಚು. ನಾನು ಪಾಳಿಗೆ ಹೋದಾಗ ಚಿಕ್ಕಮ್ಮ ಅದರ ಬಾಗಿಲವರೆಗೆ ನಡೆದುಹೋಗಿ ವಾಪಸು ಬರುತ್ತಿದ್ದಳು. ಒಬ್ಬಳೇ ಒಳಗೆ ಹೋಗಬೇಡ, ಹಾದಿ ತಪ್ಪುತ್ತೀಯ ಎಂದು ನಾನೇ ಹೇಳಿದ್ದೆ.

ಇಳಿಯುವಾಗ ಆ ಬಿದ್ದ ಮರ ಮತ್ತೆ ಬಂತು. ಅದರ ಹಿಂದೆ, ಕೈಗೆಟುಕುವಷ್ಟು ಹತ್ತಿರ, ಮೂರು ಮರಜರಿಗಳಿದ್ದವು. ನಾನು ತಲೆ ತಗ್ಗಿಸಿಕೊಂಡು ಮುಂದೆ ಹೋದೆ. ಇಂಚರ ಅಲ್ಲಿ ನಿಂತು ಕಾಂಡಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಬಂದು ನನ್ನ ಜೊತೆ ನಡೆದಳು. ಅಲ್ಲಿ ತಿಮ್ಮೇಶಿ ಇತ್ತೇ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಕಾರಿನಲ್ಲಿ ಕೂತು ಫೋಟೋವನ್ನು ರೇಣುಕಾಗೆ ಕಳಿಸಿದೆ. ಇನ್ನಾರಿಗೆ ಕಳಿಸಲಿ. ಊರಿನಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ಎರಡು ನಿಮಿಷಕ್ಕೆ ಅವಳ ಫೋನ್ ಬಂತು. ಕಾಲೇಜಿನಲ್ಲಿದ್ದಳು, ಹಿಂದೆ ಹುಡುಗರ ಗಲಾಟೆ ಕೇಳುತ್ತಿತ್ತು. ಬಹಳ ಸಂತೋಷಪಟ್ಟಳು. ಮೇಡಂಗೆ ಇದನ್ನು ತೋರಿಸಲಾಗಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವುದರೊಳಗೆ ಅವಳೇ ಶುರುಮಾಡಿದಳು.

"ಮೇಡಂ ಹೇಳಿದ ಹಾಗೇ ಇದೆ ಅಕ್ಕ. ನಿಮ್ಮಲ್ಲಿಂದ ಬಂದ ಮೇಲೆ ಒಂದಿನ ಕಾಲೇಜಿಗೆ ಬಂದು, ನಾನು ಕ್ಲಾಸ್ ತಗೋತೀನಿ ಅಂತ ಒಂದು ಗಂಟೆ ಪಾಠ ಮಾಡಿದ್ರು. ಬೆಟ್ಟ ಹತ್ತಿದ್ದು, ಮೋಡದೊಳಗೆ ಹೋಗಿದ್ದು, ಎಲ್ಲಾ ಹೇಳಿದ್ರು. ನಮ್ಮ ಶೈಲಾ ಕೈ ಹಿಡಿದು ಹತ್ತಿಸಿದಳು, ಅವಳೇ ಗುರುತು ಹಿಡಿದು ತೋರಿಸಿದಳು ಅಂದ್ರು."



ಹುಡುಗರು ಫೋಟೋ ಕೇಳಿದರಂತೆ. ಮೋಡದಲ್ಲಿ ಫೋಟೋ ಸರಿಯಾಗಿ ಬರಲಿಲ್ಲ ಅಂದಳಂತೆ. ಮುಟ್ಟಿ ನೋಡಿದ್ರಾ ಮೇಡಂ ಎಂದು ಒಬ್ಬಳು ಕೇಳಿದ್ದಕ್ಕೆ, ಮುಟ್ಟಿದೆ, ತಣ್ಣಗಿತ್ತು ಅಂದಳಂತೆ.

"ಅವರು ನೋಡಿದ ಮರಾನೇ ಅಲ್ವಾ ಅಕ್ಕ ಇದು?" ಎಂದು ರೇಣುಕಾ ಕೇಳಿದಳು. "ಇವತ್ತು ಅದೇ ಪಾಠ ಇದೆ. ಮಕ್ಕಳಿಗೆ ತೋರಿಸ್ತೀನಿ."

ಫೋನ್ ಕಾರಿನ ಸ್ಪೀಕರಿನಲ್ಲಿತ್ತು. ಇಂಚರ ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸಿಕೊಂಡಿದ್ದಳು. ಅವಳು ನನ್ನ ಕಡೆ ನೋಡಿದಳು. ನಾನು ಗಾಜಿನಾಚೆ ಬೆಟ್ಟದ ಮೇಲಿನ ಮೋಡ ನೋಡುತ್ತಿದ್ದೆ. ಆ ಕಡೆ ಗಂಟೆ ಹೊಡೆಯಿತು, ರೇಣುಕಾ ಅಕ್ಕ, ಅಕ್ಕ ಎಂದು ಕರೆಯುತ್ತಿದ್ದಳು.

ಇಂಚರ ಫೋನಿನ ಕಡೆ ಬಗ್ಗಿ, ನಿಧಾನವಾಗಿ, ಒಂದೊಂದೇ ಕನ್ನಡ ಪದ ಹುಡುಕಿ ಜೋಡಿಸಿದಳು.

"ಹೌದು ಆಂಟಿ. ಅದೇ ಮರ. ಅಜ್ಜಿ ನೋಡಿದ್ರು. ನಾನೂ ಇದ್ದೆ."